ಗಿರಾಕಿ ಇಲ್ಲದ ಗೋಡೆ
(ಕುಂಚ ಕೆಳಗಿಟ್ಟ ಪೇಂಟರ್ ಬಾಂಧವರಿಗೆ ಒಂದು ಬಹಿರಂಗ ಪತ್ರ)

ಗದಗ, ಹುಬ್ಬಳ್ಳಿ, ಕೊಪ್ಪಳ, ಹಾವೇರಿ, ಬಾಗಲಕೋಟೆ ಕಡೆಯ ಊರುಗಳಲ್ಲಿ ಬೋರ್ಡು ಬರೆದು ಬದುಕಿದ ನನ್ನ ಎಲ್ಲ ಪೇಂಟರ್ ಬಾಂಧವರೇ,

ಅಂಗಡಿಯ ತಗಡಿನ ಬೋರ್ಡು, ಲಾರಿಯ ಹಿಂಬದಿ, ಟ್ರ್ಯಾಕ್ಟರಿನ ಟ್ರೇಲರ್, ಜಾತ್ರೆಯ ಬಟ್ಟೆ ಬ್ಯಾನರ್, ನಾಟಕ ಕಂಪನಿಯ ಪರದೆ, ಚುನಾವಣೆಯ ಗೋಡೆ, ಬೈಕಿನ ನಂಬರ್ ಪ್ಲೇಟು, ಇವೆಲ್ಲವನ್ನೂ ಬರೆದ ಕೈಗಳಿಗೆ ಈ ಪತ್ರ. ನಿಮ್ಮಲ್ಲಿ ಕೆಲವರು ಈಗ ಫ್ಲೆಕ್ಸ್ ಅಂಗಡಿಯಲ್ಲಿ ಕೂತಿದ್ದೀರಿ, ಕೆಲವರು ಮನೆಗಳಿಗೆ ಬಣ್ಣ ಹೊಡೆಯುತ್ತೀರಿ. ಎಟಿಎಂ ಬಾಗಿಲಲ್ಲಿ ಕಾವಲು ಕಾಯುವವರೂ, ಮಗನ ಮೊಬೈಲ್ ಅಂಗಡಿಯ ಗಲ್ಲೆಯ ಮೇಲೆ ಕೂಡುವವರೂ ಇದ್ದೀರಿ. ಮದುವೆಯಲ್ಲೋ ಮಣ್ಣಿಗೋ ಹೋದಾಗ ಭೇಟಿಯಾದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಇನ್ನೇನ್ ಬಿಡ್ರಿ, ಕೈ ಹೋತು." ಆ ಮಾತು ಸುಳ್ಳು ಎಂದು ಹೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಕೈ ಹೋಗಿಲ್ಲ. ನಮ್ಮಿಂದ ಹೋದದ್ದು ಬೇರೆ. ಅದು ಯಾವುದು ಎಂದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಮೊದಲು ನಮ್ಮ ಕಸುಬಿಗೆ ಬಿದ್ದ ಏಟುಗಳ ಲೆಕ್ಕ. ಎಲ್ಲರೂ ಫ್ಲೆಕ್ಸಿನ ಹೆಸರನ್ನಷ್ಟೇ ಹೇಳುತ್ತಾರೆ. ಆದರೆ ಮೊದಲ ಏಟು ಅದಕ್ಕೂ ಮುಂಚಿನದು. 1990ರಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿ ಬಂದ ಮೇಲೆ ಗೋಡೆ ಬರಹಕ್ಕೆ ಕಡಿವಾಣ ಬಿತ್ತು. ನಮ್ಮ ರಾಜ್ಯದಲ್ಲಿ ತೆರೆದ ಸ್ಥಳಗಳ ವಿರೂಪ ತಡೆಯುವ ಕಾಯ್ದೆ 1981ರಿಂದಲೇ ಇತ್ತು, ಆದರೆ ಅದರ ಬಿಸಿ ನಮಗೆ ತಟ್ಟಿದ್ದು ಶೇಷನ್ ಕಾಲದಲ್ಲೇ. ಅಲ್ಲಿಯವರೆಗೆ ಚುನಾವಣೆ ಎಂದರೆ ನಮಗೆ ಸುಗ್ಗಿ. ಹಗಲು ಊರು ಸುತ್ತಿ ಗೋಡೆ ಹಿಡಿದು ಸುಣ್ಣ ಬಳಿಯುವುದು, ರಾತ್ರಿ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಗುರುತು ಬರೆಯುವುದು. ಆ ಸುಗ್ಗಿ ನಿಂತಿತು. ಜನರ ಗೋಡೆ ಜನರಿಗೆ ಉಳಿಯಿತು, ಅದು ನ್ಯಾಯವೇ. ಆದರೆ ಆ ದುಡಿಮೆಯಿಂದ ವರ್ಷದ ಸಾಲ ತೀರಿಸುತ್ತಿದ್ದವರನ್ನು ಯಾರೂ ಕೇಳಲಿಲ್ಲ.

2000ದ ನಂತರ ಫ್ಲೆಕ್ಸ್ ಬಂತು. ನಾವು ಎರಡು ದಿನ ಕೂತು ಬರೆಯುವ ಬ್ಯಾನರನ್ನು ಯಂತ್ರ ಅರ್ಧ ಗಂಟೆಯಲ್ಲಿ ಉಗುಳಿತು, ಅದೂ ಫೋಟೋ ಸಮೇತ. ತನ್ನ ಮುಖ ಆಳೆತ್ತರ ಕಾಣುವಾಗ ಯಾವ ಗಿರಾಕಿ ತಾನೇ ಬರೀ ಅಕ್ಷರ ಕೇಳುತ್ತಾನೆ? ಬೈಕಿನ ನಂಬರನ್ನು ಸ್ಟಿಕ್ಕರು ತಿಂದಿತು. ಉಳಿದದ್ದನ್ನು 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆಲ್ಲ ಕಡ್ಡಾಯವಾದ ಹೈ ಸೆಕ್ಯುರಿಟಿ ನಂಬರ್ ಪ್ಲೇಟು ಮುಗಿಸಿತು. ನಡುವೆ 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸಿನ ಹೆಸರೂ ಆ ಪಟ್ಟಿಯಲ್ಲಿತ್ತು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸುಗಳನ್ನು ಲಾರಿಗಟ್ಟಲೆ ಕಿತ್ತರು. ನಮ್ಮಲ್ಲಿ ಹಲವರು ಬ್ರಷ್ ತೊಳೆದು ಇಟ್ಟುಕೊಂಡು ಕಾದರು. ಕೆಲಸ ತಿರುಗಿ ಬರಲಿಲ್ಲ. 2024ರಲ್ಲಿ ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲೇ ಇರಬೇಕೆಂದು ಕಾಯ್ದೆ ತಿದ್ದುಪಡಿಯಾದಾಗಲೂ ಕಾದರು. ಬೋರ್ಡುಗಳು ಬದಲಾದವು, ಕನ್ನಡ ದೊಡ್ಡದಾಯಿತು, ಬಹಳ ಸಂತೋಷ. ಆದರೆ ಬಂದ ಅಕ್ಷರಗಳು ಎಲ್‌ಇಡಿಯವು, ಅಕ್ರಿಲಿಕ್‌ನವು.

ಹಾಗಾಗಿ ಕಸುಬು ಮರಳಿ ಬರುತ್ತದೆ ಎಂದು ನಾನು ನಿಮಗೆ ಭರವಸೆ ಕೊಡುವುದಿಲ್ಲ. ನಾನು ಹೇಳಹೊರಟಿರುವುದು ಬರೆಯುವುದರ ಬಗ್ಗೆ. ಕಸುಬು ಮತ್ತು ಬರೆಯುವುದು ಬೇರೆ ಬೇರೆ ಎಂಬುದೇ ನಮಗೆ ಮರೆತುಹೋಗಿದೆ.

ನನ್ನ ದಾರಿ ನಿಮ್ಮಲ್ಲಿ ಅರ್ಧಕ್ಕರ್ಧ ಜನರದ್ದೇ ದಾರಿ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ ಕಲಾಶಾಲೆಗೆ ಸೇರಿದೆ. ಸ್ಟಿಲ್ ಲೈಫು, ನಿಸರ್ಗ ಚಿತ್ರ, ಭಾವಚಿತ್ರ ಎಲ್ಲ ಕಲಿತೆ. ಅಪ್ಪ ತೀರಿಕೊಂಡಾಗ ಮನೆ ನಡೆಸಲು ಬೋರ್ಡು ಹಿಡಿದೆ. ಅದರ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ, ಬೋರ್ಡು ನನಗೆ ಅನ್ನ ಹಾಕಿತು, ತಂಗಿಯರ ಮದುವೆ ಮಾಡಿಸಿತು. ಫ್ಲೆಕ್ಸ್ ಬಂದ ಮೇಲೆ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಕೋರೆಲ್ ಡ್ರಾ ಕಲಿತು ಕೂತೆ. ಜನ್ಮದಿನದ ಶುಭಾಶಯ, ಶ್ರದ್ಧಾಂಜಲಿ, ಅದೇ ಗುಲಾಬಿ ಹೂವು, ಅದೇ ಬಾರ್ಡರು, ಫೋಟೋ ಮಾತ್ರ ಬೇರೆ. ಅಲ್ಲಿ ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತಿತ್ತು, ಸುಳ್ಳು ಹೇಳಲಾರೆ. ಬಿಟ್ಟದ್ದು ಕಣ್ಣು ಉರಿ ಬಂದಿದ್ದಕ್ಕೆ. ಆಮೇಲೆ ಮನೆಗಳಿಗೆ ಡಿಸ್ಟೆಂಪರ್ ಹೊಡೆದೆ. ಶ್ರಾವಣ ಬಂದರೆ ಗಣಪತಿಯ ಕಣ್ಣು ಬರೆದೆ. ಅಂಗನವಾಡಿಯ ಗೋಡೆಗೆ ಆನೆ, ಮಾವಿನಹಣ್ಣು, ಅ ಆ ಇ ಈ ಬರೆದೆ. ಸರ್ಕಾರಿ ಶಾಲೆಗಳನ್ನು ರೈಲುಬೋಗಿಯಂತೆ ಕಾಣಿಸುವ ರೂಢಿ ಬಂದಾಗ ಅದನ್ನೂ ಮಾಡಿದೆ: ಕಿಟಕಿ, ಬಾಗಿಲು, ಚಕ್ರ, ಮೇಲೆ ಶಾಲೆಯ ಹೆಸರು. ಮಕ್ಕಳು ಬಾಗಿಲಲ್ಲಿ ನಿಂತು ಕೈ ಬೀಸುವಾಗ ಯಾರಿಗೆ ಸಂತೋಷವಾಗುವುದಿಲ್ಲ!

ಅಂಥದೇ ಒಂದು ಶಾಲೆಯಲ್ಲಿ ಕೆಲಸ ಮುಗಿದಾಗ ಹಿಂದಿನ ಗೋಡೆಯೊಂದು ಖಾಲಿ ಉಳಿದಿತ್ತು. ಹೆಡ್‌ಮೇಡಮ್ಮರು ಬಂದು, "ಪೇಂಟರ್ರ, ಈ ಗ್ವಾಡಿ ಖಾಲಿ ಐತಿ, ಬಣ್ಣಾನೂ ಉಳದೈತಿ. ಇದರ ಮ್ಯಾಲ ನಿಮಗ ಏನ್ ಬೇಕೋ ಅದನ್ನ ಬರೀರಿ" ಅಂದರು. ಅವರು ಒಳಗೆ ಹೋದರು. ನಾನು ಬ್ರಷ್ ಹಿಡಿದು ನಿಂತೆ. ಏನೂ ಹೊಳೆಯಲಿಲ್ಲ. ಅವರನ್ನೇ ಹುಡುಕಿಕೊಂಡು ಹೋಗಿ, "ಶಾರದಾಂಬೆ ಬರೀಲೇನ್ರಿ? ಗಾಂಧೀಜಿ ಬರೀಲೇನ್ರಿ?" ಎಂದು ಕೇಳಿದೆ. "ನಿಮಗ ಏನ್ ಬೇಕಂತ ಕೇಳಿದ್ದು ನಾ" ಅಂದರು. ಕಾಲು ಶತಮಾನ ದುಡಿದ ಕೈ, ಯಾವ ಅಕ್ಷರವನ್ನು ಯಾವ ಅಳತೆಯಲ್ಲಿ ಕೇಳಿದರೂ ಬರೆದುಕೊಟ್ಟ ಕೈ, ಆ ಗೋಡೆಯ ಮುಂದೆ ಸುಮ್ಮನೆ ಇಳಿಬಿದ್ದಿತ್ತು.

ಬಾಂಧವರೇ, ನಮ್ಮಿಂದ ಹೋದದ್ದು ಇದು. ನಮ್ಮ ಕೈಯನ್ನು ಫ್ಲೆಕ್ಸ್ ಕಸಿಯಲಿಲ್ಲ. ಆದರೆ ಜೀವಮಾನವಿಡೀ ಇನ್ನೊಬ್ಬರು ಹೇಳಿದ್ದನ್ನು ಬರೆದು ಬರೆದು, ನನಗೇನು ಬರೆಯಬೇಕೆನಿಸುತ್ತದೆ ಎಂದು ಕೇಳಿಕೊಳ್ಳುವ ಅಭ್ಯಾಸವೇ ಕಳೆದುಹೋಯಿತು. ಗಿರಾಕಿ ಹೋದಾಗ ದುಡ್ಡಿನ ಜೊತೆ ವಿಷಯವೂ ಹೋಯಿತು. ನಮ್ಮಲ್ಲಿ ಎಷ್ಟೋ ಜನ ನಿವೃತ್ತಿಯ ವಯಸ್ಸಿನಲ್ಲಿ ಮಕ್ಕಳು ತಂದುಕೊಟ್ಟ ಹಾಳೆ, ಬಣ್ಣಗಳ ಮುಂದೆ ಕೂತು, ಕ್ಯಾಲೆಂಡರಿನ ಕೃಷ್ಣನನ್ನು ಒಂದು ಸಲ ನಕಲು ಮಾಡಿ, ಮುಚ್ಚಿಟ್ಟುಬಿಡುತ್ತಾರೆ. ಕೈ ನಡುಗಿತು ಎನ್ನುತ್ತಾರೆ. ಆ ಕೃಷ್ಣನನ್ನು ನಾನು ನೋಡಿದ್ದೇನೆ, ಗೆರೆಯಲ್ಲಿ ಎಲ್ಲಿಯೂ ನಡುಕವಿಲ್ಲ. ಅದನ್ನು ಬರೆಯುವ ಆಸೆ ಮಾತ್ರ ಅವರದ್ದಾಗಿರಲಿಲ್ಲ.

ಆ ದಿನ ಸಂಜೆಯವರೆಗೆ ನಿಂತು ಕೊನೆಗೆ ನಾನು ಬರೆದದ್ದು, ಆ ಶಾಲೆಯ ಅಂಗಳದಿಂದ ಎದುರಿಗೆ ಕಾಣುತ್ತಿದ್ದ ಕಪ್ಪತಗುಡ್ಡವನ್ನು. ಗುಡ್ಡದ ಸಾಲು, ಮೇಲೆ ತಿರುಗುವ ಗಾಳಿಯಂತ್ರಗಳು, ಕೆಳಗೆ ಎರೆಹೊಲ. ಬಣ್ಣ ಏನೇನೋ ಆಯಿತು, ಆಕಾಶ ತೀರಾ ನೀಲಿಯಾಯಿತು. ಆದರೂ ಅದಕ್ಕೆ ಕೂಲಿಯ ಲೆಕ್ಕ ಇರಲಿಲ್ಲ, ಅಳತೆ ಇರಲಿಲ್ಲ, ಯಾರೂ ಬಂದು "ಅಕ್ಷರ ಇನ್ನಷ್ಟು ದೊಡ್ಡದು ಮಾಡ್ರಿ" ಅನ್ನಲಿಲ್ಲ.

ಅಲ್ಲಿಂದ ನೇರ ದಾರಿ ಸಿಕ್ಕಿತು ಎಂದುಕೊಳ್ಳಬೇಡಿ. ಕಲಾಶಾಲೆಯಲ್ಲಿ ಕಲಿತದ್ದು ಜಲವರ್ಣ, ಅದಕ್ಕೇ ಮರಳಬೇಕು ಎಂದು ಒಳ್ಳೆಯ ಕಾಗದ ತಂದು ಕೂತೆ. ಬರಲಿಲ್ಲ. ಯಾಕೆ ಎಂದು ನಿಮಗೆ ಬಿಡಿಸಿ ಹೇಳಬೇಕು, ನಿಮಗೂ ಹೀಗೇ ಆಗುತ್ತದೆ. ಜಲವರ್ಣದಲ್ಲಿ ಬೆಳಕು ಎಂದರೆ ಕಾಗದದ ಬಿಳುಪು. ಅದನ್ನು ಮೊದಲೇ ಲೆಕ್ಕ ಹಾಕಿ ಉಳಿಸಿಕೊಳ್ಳಬೇಕು, ತಿಳಿ ಬಣ್ಣದಿಂದ ಕಡು ಬಣ್ಣಕ್ಕೆ ಹೋಗಬೇಕು. ಎನಾಮೆಲ್‌ನಲ್ಲಿ ನಮ್ಮದು ತದ್ವಿರುದ್ಧ. ಮೊದಲು ರೆಡ್ ಆಕ್ಸೈಡ್, ಅದರ ಮೇಲೆ ನೆಲದ ಬಣ್ಣ, ಅದರ ಮೇಲೆ ಅಕ್ಷರ, ಆಮೇಲೆ ಶೇಡು, ಎಲ್ಲಕ್ಕಿಂತ ಕೊನೆಗೆ ಬಿಳಿ ಹೊಳಪು. ತಪ್ಪಿದರೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಮತ್ತೆ ಬರೆದರಾಯಿತು. ಅಷ್ಟು ವರ್ಷ ಹೀಗೆ ಪಳಗಿದ ಕೈಗೆ, ಒಮ್ಮೆ ತಪ್ಪಿದರೆ ತಿದ್ದಲಾಗದ ಕಾಗದ ಹೆದರಿಕೆ ಹುಟ್ಟಿಸುತ್ತದೆ. ಬ್ರಷ್ಷನ್ನು ಒತ್ತುತ್ತೇವೆ, ಕಾಗದ ಗೊಜ್ಜಾಗುತ್ತದೆ. ಇದನ್ನೇ ನಾವು ಕೈ ಹೋಯಿತು ಅಂದುಕೊಳ್ಳುತ್ತೇವೆ.

ನಾನು ತಗಡಿಗೇ ಮರಳಿದೆ. ಹಳೆಯ ಬೋರ್ಡುಗಳ ತಗಡನ್ನು ಗುಜರಿಯಿಂದ ತಂದು, ಉಜ್ಜಿ, ಪ್ರೈಮರ್ ಬಳಿದು, ಎನಾಮೆಲ್‌ನಲ್ಲೇ ಚಿತ್ರ ಬರೆಯಲು ತೊಡಗಿದೆ. ಒಣಗಲು ಇಡೀ ರಾತ್ರಿ ಬೇಕು, ಮಳೆಗಾಲವಾದರೆ ಇನ್ನೂ ಹೆಚ್ಚು, ಧೂಳು ಕೂರುತ್ತದೆ, ಹುಳ ಅಂಟುತ್ತದೆ. ಇರಲಿ. ಅದರ ಗುಣವೆಲ್ಲ ನಮಗೆ ಗೊತ್ತು. ಟರ್ಪೆಂಟೈನ್ ಎಷ್ಟು ಹನಿ ಬಿದ್ದರೆ ಬ್ರಷ್ ಎಳೆದಲ್ಲಿಗೆ ಬರುತ್ತದೆ ಎಂದು ಯಾವ ಪ್ರೊಫೆಸರರೂ ನಮಗೆ ಹೇಳಿಕೊಡಬೇಕಿಲ್ಲ. (ಒಂದು ಮಾತು: ಮುಚ್ಚಿದ ಕೋಣೆಯಲ್ಲಿ ಕೂತು ಬರೆಯಬೇಡಿ. ಹಳೆಯ ಡಬ್ಬಿಗಳ ಹಳದಿ, ಕೆಂಪಿನಲ್ಲಿ ಸೀಸ ಇರುತ್ತಿತ್ತು. ಬಣ್ಣದಲ್ಲಿ ಸೀಸದ ಮಿತಿಯ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಹಳೆಯ ತಗಡನ್ನು ಒಣ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿ.)

ಏನು ಬರೆದೆ ಎಂದು ಕೇಳುತ್ತೀರಿ. ಬಜಾರಿನಲ್ಲಿ ಈಗ ಇಲ್ಲದ ಅಂಗಡಿಗಳನ್ನು ಬರೆಯುತ್ತಿದ್ದೇನೆ. ಸೈಕಲ್ ಅಂಗಡಿ, ಟೇಲರ್ ಅಂಗಡಿ, ಖಾನಾವಳಿ, ಪಾತ್ರೆಗೆ ಕಲಾಯಿ ಹಾಕುವವರು. ಅವುಗಳ ಬಾಗಿಲ ಮೇಲೆ, ಓದಲು ಬರುವಂತೆ, ನಾವೇ ಬರೆದಿದ್ದ ಬೋರ್ಡು. ಅಲ್ಲಿಗೆ ಬಂದಾಗ ನನಗೆ ಗೊತ್ತಾದದ್ದು, ನಮ್ಮ ಅಕ್ಷರವೇ ನಮ್ಮ ದೊಡ್ಡ ಆಸ್ತಿ ಎಂದು.

"ಶ್ರೀ ಮಲ್ಲಿಕಾರ್ಜುನ ಕಿರಾಣಿ ಸ್ಟೋರ್ಸ್" ಎಂಬ ಬೋರ್ಡನ್ನು ತೆಗೆದುಕೊಳ್ಳಿ. ಎರಡು ಸಾಲು. ಮೇಲೆ "ಶ್ರೀ ಮಲ್ಲಿಕಾರ್ಜುನ", ಕೆಳಗೆ "ಕಿರಾಣಿ ಸ್ಟೋರ್ಸ್". ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ, ಮೇಲಿನ ಸಾಲಿನ "ಲ್ಲಿ"ಯ ಒತ್ತು ಕೆಳಗಿಳಿಯುವ ಕಾರಣಕ್ಕೆ ಎರಡೂ ಸಾಲಿನ ನಡುವೆ ಉದ್ದಕ್ಕೂ ಅಷ್ಟೇ ಜಾಗ ಬಿಡಬೇಕು, ಇಲ್ಲವಾದರೆ ಅದು ಕೆಳಗಿನ ಗುಡಿಸಿಗೆ ಬಡಿಯುತ್ತದೆ. ಬೋರ್ಡಿನ ಹೊಟ್ಟೆ ಖಾಲಿ ಬೀಳುತ್ತದೆ. ನಾವು ಹಾಗೆ ಮಾಡುತ್ತಿರಲಿಲ್ಲ. ದಾರಕ್ಕೆ ಸೀಮೆಸುಣ್ಣ ಬಳಿದು ಗೆರೆ ಹೊಡೆದ ಕೂಡಲೇ ಕಣ್ಣಿಗೆ ಕಾಣುತ್ತಿತ್ತು, ಈ ಒತ್ತು ಎಲ್ಲಿ ಬೀಳುತ್ತದೆ ಎಂದು. "ಲ್ಲಿ"ಯ ಒತ್ತನ್ನು ಸ್ವಲ್ಪ ಎಡಕ್ಕೆ ಜರುಗಿಸಿ ಕೆಳಗಿನ ಎರಡು ಅಕ್ಷರಗಳ ಸಂದಿಯಲ್ಲಿ ಕೂರಿಸುತ್ತಿದ್ದೆವು. "ರಾ"ದ ದೀರ್ಘವನ್ನು ಅಲ್ಲಿ ಕುಗ್ಗಿಸಿ, "ಸ್ಟೋ"ದ ಬಾಲವನ್ನು ಮೇಲಿನ "ನ"ದ ಕೆಳಗೆ ಬೀಸಾಗಿ ಬಿಡುತ್ತಿದ್ದೆವು. ಕೋಲಿನ ಮೇಲೆ ಕೈ ಆನಿಸಿ, ಫ್ಲಾಟ್ ಬ್ರಷ್ಷನ್ನು ತಿರುವಿನಲ್ಲಿ ಬೆರಳ ನಡುವೆ ಉರುಳಿಸುತ್ತಾ "ಜು"ವಿನ ಹೊಟ್ಟೆ ಸುತ್ತುವಾಗ ಉಸಿರು ಹಿಡಿಯುತ್ತಿದ್ದೆವಲ್ಲ, ಆ ಉಸಿರು ಬಿಡುವ ಜಾಗವೂ ಎಲ್ಲರಿಗೂ ಒಂದೇ: ಕೊಂಬಿನ ತುದಿ. ಕನ್ನಡದ ದುಂಡು ಅಕ್ಷರ ಯಾವ ಅಳತೆಯ ತಗಡಿಗೂ ಒಗ್ಗಿಕೊಳ್ಳುತ್ತದೆ ಎಂದು ನಮಗೆ ಗೊತ್ತಿತ್ತು. ಈ ತಿಳಿವಳಿಕೆ ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಅದು ಇರುವುದು ನಿಮ್ಮ ಕೈಯಲ್ಲಿ, ಮತ್ತೆ ಇನ್ನೂ ಇಳಿಸದೆ ಉಳಿದ ಕೆಲವು ತಗಡುಗಳಲ್ಲಿ.

ಹೀಗೆ ಹೇಳಿದರೆ ನಿಮ್ಮಲ್ಲಿ ಕೆಲವರು, "ಅದೆಲ್ಲ ಕಲಾವಿದರ ಮಾತಾತು. ನಾವು ಬರೇ ಪೇಂಟರು" ಎನ್ನುತ್ತೀರಿ. ಈ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಎಂ.ಎಫ್. ಹುಸೇನ್ ಮುಂಬಯಿಯ ಬೀದಿಗಳಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. 1947ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಸೇರುವ ಹೊತ್ತಿಗೆ ಅವರ ಕೈ ಪಳಗಿದ್ದು ಆ ಏಣಿಗಳ ಮೇಲೇ. ಅಷ್ಟು ದೂರ ಯಾಕೆ, ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರನ್ನೇ ನೋಡಿ. 1916ರಲ್ಲಿ ಹುಟ್ಟಿದವರು, ಮುಂಬಯಿಗೆ ಹೋಗಿ ಇಂಗ್ಲಿಷ್ ಸಿನಿಮಾಗಳ ಶೋಕಾರ್ಡು ಬರೆದರು, 'ಫಿಲ್ಮ್‌ಇಂಡಿಯಾ' ಪತ್ರಿಕೆಗೆ ಮುಖಪುಟ ಬರೆದರು, ಕ್ಯಾಲೆಂಡರುಗಳಿಗೆ ದೇವರನ್ನು ಬರೆದರು. ನಮ್ಮ ಅವ್ವಂದಿರು ಕೈಮುಗಿದ ಎಷ್ಟೋ ಪಟಗಳು ಅವರ ಕೈಯವು. ದೊಡ್ಡ ಕಲಾವಿಮರ್ಶಕರು ಬಹಳ ಕಾಲ ಅವರನ್ನು ಕ್ಯಾಲೆಂಡರ್‌ನವರು ಎಂದು ಬದಿಗಿಟ್ಟರು. 1993ರಲ್ಲಿ ತೀರಿಕೊಂಡ ಅವರ ಮೂಲ ಚಿತ್ರಗಳನ್ನು ಇವತ್ತು ಜನ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಗಿರಾಕಿಗಾಗಿ ಬರೆದವರ ಕೈ ಕೀಳು ಎಂದು ನಮಗೆ ಯಾರು ಕಲಿಸಿದರೋ ಕಾಣೆ, ಕಲಿಸಿದವರು ಬೋರ್ಡು ಬರೆದವರಂತೂ ಅಲ್ಲ.

2009ರಲ್ಲಿ ಬೆಂಗಳೂರು ಪಾಲಿಕೆ ಊರಿನ ಗೋಡೆಗಳಿಗೆ ಚಿತ್ರ ಬರೆಸಿತು, ನಿಮಗೆ ನೆನಪಿರಬಹುದು. ಬರೆದವರಲ್ಲಿ ಬಹುಪಾಲು ಸಿನಿಮಾ ಬ್ಯಾನರ್, ಬೋರ್ಡಿನ ಕೆಲಸ ಕಳೆದುಕೊಂಡ ನಮ್ಮವರೇ. ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಹುಲಿ, ನವಿಲು. ಹತ್ತಾರು ಅಡಿ ಎತ್ತರದ ಆನೆಯನ್ನು ಚೌಕ ಹಾಕಿ ಹಿಗ್ಗಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಆ ಚಿತ್ರಗಳನ್ನು ಕೆಲವರು ಪೋಸ್ಟ್‌ಕಾರ್ಡಿನ ನಕಲು ಎಂದು ಟೀಕಿಸಿದರು. ಟೀಕೆಯಲ್ಲಿ ಒಂದಿಷ್ಟು ಹುರುಳಿತ್ತು ಎಂದೇ ನನ್ನ ಅನಿಸಿಕೆ. ಆದರೆ ಆ ಪೇಂಟರಿಗೆ ಏನು ಬರೆಯಬೇಕು ಎಂದು ಹೇಳಿಕೊಟ್ಟವರು ಅಧಿಕಾರಿಗಳು. ಅವನ ಓಣಿಯನ್ನೋ, ಅವನ ಅವ್ವನನ್ನೋ ಬರೆ ಎಂದು ಬಿಟ್ಟಿದ್ದರೆ ಆ ಗೋಡೆಗಳು ಬೇರೆಯೇ ಆಗುತ್ತಿದ್ದವು.

ದುಡ್ಡಿನ ಮಾತಿಗೂ ಬರುತ್ತೇನೆ. ನಮ್ಮಲ್ಲಿ ಒಬ್ಬರು ಹಿರಿಯರು, ಇಳಿವಯಸ್ಸಿನಲ್ಲಿ ಬಹಳ ಚೆಂದದ ಎತ್ತಿನ ಜೋಡಿ ಬರೆದಿದ್ದರು. ಊರಿನ ಡಾಕ್ಟರೊಬ್ಬರು ಬಂದು ಬೆಲೆ ಕೇಳಿದಾಗ, ಅವರು ಟೇಪು ತಂದು ಅಳೆದು ಚದರ ಅಡಿಗೆ ಇಷ್ಟು ಎಂದು ಲೆಕ್ಕ ಹಾಕಿಕೊಟ್ಟರು. ಬೋರ್ಡಿನ ರೇಟು! ಡಾಕ್ಟರು ತಾವಾಗಿಯೇ ಹೆಚ್ಚು ಕೊಟ್ಟರು, ಅದು ಅವರ ದೊಡ್ಡತನ. ದಯವಿಟ್ಟು ಚಿತ್ರಕ್ಕೆ ಟೇಪು ಹಿಡಿಯಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತದೆ, ಅರ್ಜಿ ಹಾಕಿ ಒಮ್ಮೆ ಹೋಗಿ ಬನ್ನಿ. ಮಾರಾಟವಾಗಲಿ ಬಿಡಲಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಜನ ನಿಮ್ಮ ಚಿತ್ರದ ಮುಂದೆ ನಿಂತು ಹೋಗುವುದನ್ನು ನೋಡುವುದೇ ಒಂದು ಪಾಠ. ನನ್ನ ತಗಡುಗಳ ಮುಂದೆ ನಿಂತವರು ಮೊದಲು ಮಾಡುತ್ತಿದ್ದುದು ಬೋರ್ಡು ಓದುವುದು. ಓದಿ, "ನಮ್ಮೂರಾಗೂ ಹಿಂಗs ಇತ್ತು" ಎಂದು ಮಾತು ಶುರು ಮಾಡುತ್ತಿದ್ದರು. ಬಹಳ ಮಾರಾಟವಾಗಿಲ್ಲ. ಮನೆ ನಡೆಯುವುದು ಈಗಲೂ ಶಾಲೆಯ ಗೋಡೆಗಳಿಂದಲೇ.

ಹಾಗಾಗಿ ಇದ್ದ ಕೆಲಸ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಫ್ಲೆಕ್ಸ್ ಅಂಗಡಿಯಲ್ಲಿರುವ ತಮ್ಮಂದಿರೇ, ಅಲ್ಲೇ ಇರಿ, ಮಕ್ಕಳ ಫೀಸು ಕಟ್ಟಿ. ಆದರೆ ವಾರಕ್ಕೊಂದು ಹೊತ್ತು, ಯಾರೂ ಕೇಳದ ಒಂದು ಚಿತ್ರ ಬರೆಯಿರಿ. ವಿಷಯ ಸಿಗದಿದ್ದರೆ ನೀವು ಬರೆದ ಮೊದಲ ಬೋರ್ಡನ್ನು ನೆನಪಿನಿಂದ ಬರೆಯಿರಿ, ಅದರ ಕೆಳಗೆ ನಿಂತಿದ್ದ ಅಂಗಡಿಯವನನ್ನು ಬರೆಯಿರಿ. ಕಣ್ಣಿನ ಪೊರೆ ಬಂದು ಸಣ್ಣ ಗೆರೆ ಕಾಣದ ಹಿರಿಯರೇ, ನೀವು ದೊಡ್ಡ ಅಕ್ಷರ ಬರೆಯಿರಿ, ಗೋಣಿಚೀಲದ ಅಗಲದ "ಅ" ಬರೆಯಿರಿ. ಅಂಗಡಿಯ ಹಿಂದೆ ಕೂತು ಬಣ್ಣ ಕಲಸಿ, ಅಕ್ಷರಕ್ಕೆ ಒಳಗಿನ ಬಣ್ಣ ತುಂಬಿ, ಹೆಸರಿಲ್ಲದೆ ದುಡಿದ ನಮ್ಮ ಮನೆಯ ಹೆಣ್ಣುಮಕ್ಕಳಿದ್ದಾರೆ. ಅಕ್ಕಂದಿರೇ, ಈ ಪತ್ರ ನಿಮಗೂ ಸೇರಿದ್ದು. ಬೋರ್ಡಿನ ಮೂಲೆಯಲ್ಲಿ ನಮ್ಮ "ಆರ್ಟ್ಸ್" ಹೆಸರು ಬಿದ್ದಿತು, ನಿಮ್ಮದು ಬೀಳಲಿಲ್ಲ. ಈಗ ಬರೆಯುವ ಚಿತ್ರಕ್ಕೆ ನಿಮ್ಮ ಸಹಿ ನೀವೇ ಹಾಕಿ.

ಇನ್ನೊಂದು ಕೋರಿಕೆ. ನಿಮ್ಮ ಊರಿನಲ್ಲಿ ಕೈಯಿಂದ ಬರೆದ ಬೋರ್ಡು ಉಳಿದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಎದುರಿನಿಂದ ಒಂದು, ಅಕ್ಷರದ ಹತ್ತಿರದಿಂದ ಒಂದು, ಮೂಲೆಯ ಸಹಿಯದು ಒಂದು. ಯಾರು ಬರೆದದ್ದು, ಸುಮಾರು ಯಾವ ವರ್ಷ ಎಂದು ಅಂಗಡಿಯವರನ್ನು ಕೇಳಿ ಬರೆದುಕೊಳ್ಳಿ. ಇಳಿಸುತ್ತಾರೆ ಎಂದು ಗೊತ್ತಾದರೆ ಗುಜರಿಗೆ ಹೋಗುವ ಮುಂಚೆ ತಗಡನ್ನೇ ಕೇಳಿ ಪಡೆಯಿರಿ. ಯಾರೂ ಇಲ್ಲ ಅನ್ನುವುದಿಲ್ಲ.

ಗದಗಿನಲ್ಲಿ ನನ್ನ ಶೆಡ್ಡು ಪ್ರತಿ ಭಾನುವಾರ ಬೆಳಿಗ್ಗೆ ತೆರೆದಿರುತ್ತದೆ. ಗೆಳೆಯರು ಕೆಲವರು ಆಗಲೇ ಬರುತ್ತಿದ್ದಾರೆ. ಅಲ್ಲಿ ಯಾರೂ ಯಾರಿಗೂ ಏನು ಬರೆಯಬೇಕು ಎಂದು ಹೇಳುವುದಿಲ್ಲ, ಅದೊಂದೇ ನಿಯಮ. ತಗಡು ಉಜ್ಜಿ ಪ್ರೈಮರ್ ಹೊಡೆದು ಇಟ್ಟಿರುತ್ತೇನೆ, ಬಣ್ಣವೂ ಇರುತ್ತದೆ. ನೀವು ನಿಮ್ಮ ಬ್ರಷ್ ತನ್ನಿ. ಬರುವಾಗ ಕಲಿಯುವ ಆಸೆ ಇರುವ ಓಣಿಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆತನ್ನಿ.

ಇಂತಿ ನಿಮ್ಮವನೇ ಆದ
ಒಬ್ಬ ಬೋರ್ಡ್ ಪೇಂಟರ್, ಗದಗ